ಸೋತರೂ ಉಳಿದ ವಾಷಿಂಗ್ಟನ್, ಕೋಟೆಯಲ್ಲಿ ಸಿಕ್ಕಿಬಿದ್ದ ಭೀಮರಾಯ

ಪ್ರಶ್ನೆ: ಸರ್, ನಾನು ಕೊಪ್ಪಳದವನು. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಾವು ಕೂಡಿ ಓದುವ ಗೆಳೆಯರಲ್ಲಿ ಮೊನ್ನೆ ಒಂದು ವಾದ ನಡೆಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ ಗೆದ್ದ ಕದನಗಳಿಗಿಂತ ಸೋತದ್ದೇ ಜಾಸ್ತಿ ಅಂತಾರೆ. ಆದರೂ ಯುದ್ಧ ಗೆದ್ದ. ನಮ್ಮ ಮುಂಡರಗಿ ಭೀಮರಾಯ 1858ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದು ಕೊಪ್ಪಳ ಕೋಟೆಯನ್ನೇ ಹಿಡಿದ, ಆದರೂ ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ‘ನಮ್ಮವರಿಗೆ ಧೈರ್ಯ ಇತ್ತು, ನಾಯಕತ್ವ ಇರಲಿಲ್ಲ’ ಅಂತ ಒಬ್ಬ ಗೆಳೆಯ ಹೇಳಿದ. ನನಗೆ ಒಪ್ಪೋಕೂ ಆಗಲಿಲ್ಲ, ಉತ್ತರ ಕೊಡೋಕೂ ಆಗಲಿಲ್ಲ. ಸ್ವಾತಂತ್ರ್ಯದ ಯುದ್ಧದಲ್ಲಿ, ಎಲ್ಲ ಕಡೆಯಿಂದ ಒತ್ತಡ ಬಿದ್ದಾಗ, ಒಳ್ಳೆಯ ಸೇನಾಪತಿ ಏನು ಮಾಡುತ್ತಾನೆ? ಇನ್ನೊಂದು ಸಣ್ಣ ಪ್ರಶ್ನೆ: ಆ ಕಾಲದಲ್ಲಿ ಅಮೆರಿಕದಲ್ಲಿ ಹೈದರಾಲಿ ಹೆಸರಿನ ಯುದ್ಧದ ಹಡಗು ಇತ್ತು ಅನ್ನೋದು ನಿಜಾನಾ?

ಉತ್ತರ: ನೀವು ಗೆಳೆಯನ ಮಾತು ಒಪ್ಪದೇ ಇದ್ದದ್ದು ಸರಿ. ಆದರೆ ಊರಿನ ಅಭಿಮಾನ ಒಂದರಿಂದಲೇ ವಾದ ಗೆಲ್ಲೋಕೆ ಆಗಲ್ಲ, ಕಾರಣ ಬೇಕು. ಆ ಕಾರಣ ವಾಷಿಂಗ್ಟನ್ ಕಥೆಯಲ್ಲೇ ಇದೆ. ಕೊಪ್ಪಳದಲ್ಲಿ ಭೀಮರಾಯನಿಗೆ ಆದದ್ದು ವಾಷಿಂಗ್ಟನ್‌ಗೂ ಆಗಿತ್ತು. 1776ರ ನವೆಂಬರ್ 16ರಂದು, ತನ್ನದೇ ಹೆಸರಿಟ್ಟಿದ್ದ ಕೋಟೆಯಲ್ಲಿ, ಒಂದೇ ದಿನ ಸುಮಾರು 2,800 ಸೈನಿಕರನ್ನು ಅವನು ಕಳೆದುಕೊಂಡ. ಅದಾದ ಮೇಲೂ ಅವನಿಗೆ ಯುದ್ಧ ಮುಂದುವರಿಸುವ ಜಾಗ ಇತ್ತು, ಕಾಲ ಇತ್ತು. ಭೀಮರಾಯನಿಗೆ ಎರಡೂ ಇರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಸೋಲು ಗೆಲುವಿನ ಲೆಕ್ಕ. ಗೆಲುವಿನ ಕಡೆ ಬಾಸ್ಟನ್, ಟ್ರೆಂಟನ್, ಪ್ರಿನ್ಸ್‌ಟನ್, ಕೊನೆಗೆ ಫ್ರೆಂಚರ ಜತೆ ಸೇರಿ ಯಾರ್ಕ್‌ಟೌನ್. ಸೋಲಿನ ಕಡೆ ಲಾಂಗ್ ಐಲೆಂಡ್, ವೈಟ್ ಪ್ಲೇನ್ಸ್, ಫೋರ್ಟ್ ವಾಷಿಂಗ್ಟನ್, ಬ್ರ್ಯಾಂಡಿವೈನ್, ಜರ್ಮನ್‌ಟೌನ್. ಮನ್ಮತ್ ಕದನವನ್ನು ಯಾರ ಲೆಕ್ಕಕ್ಕೂ ಪೂರ್ತಿ ಹಾಕೋಕೆ ಬರಲ್ಲ. ನ್ಯೂಯಾರ್ಕ್ ಹೋಯಿತು, ರಾಜಧಾನಿಯಂತಿದ್ದ ಫಿಲಡೆಲ್ಫಿಯಾವೂ ಹೋಯಿತು. ಹಾಗಾಗಿ ನಿಮ್ಮ ಗೆಳೆಯರು ಕೇಳಿದ ಮಾತು ಹೆಚ್ಚುಕಡಿಮೆ ನಿಜವೇ. ಆದರೆ ಅಂಥ ಯುದ್ಧದಲ್ಲಿ ಕದನಗಳ ಲೆಕ್ಕ ಮುಖ್ಯ ಲೆಕ್ಕವಲ್ಲ. ಬ್ರಿಟಿಷರು ಸಮುದ್ರ ದಾಟಿ ಬಂದವರು. ಬಂಡೆದ್ದವರ ಸೇನೆಯನ್ನು ಮುಗಿಸಿದರೆ ಮಾತ್ರ ಅವರ ಕೆಲಸ ಆದಂತೆ. ಆ ಸೇನೆ ಎಲ್ಲೋ ಒಂದು ಕಡೆ ಉಸಿರಾಡುತ್ತಿದ್ದರೆ ಬಂಡಾಯವೂ ಬದುಕಿರುತ್ತದೆ. ಊರು ಬಿಟ್ಟರೂ ಪರವಾಗಿಲ್ಲ, ಕೋಟೆ ಬಿಟ್ಟರೂ ಪರವಾಗಿಲ್ಲ, ಸೇನೆ ಉಳಿಯಬೇಕು. ಹೇಳೋಕೆ ಸುಲಭ. ನಡೆಸೋಕೆ ಎಷ್ಟು ಕಷ್ಟ ಅನ್ನೋದೇ ಇಡೀ ಕಥೆ.

1775ರ ಜುಲೈನಲ್ಲಿ ಬಾಸ್ಟನ್ ಹೊರಗೆ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗ ಅವನಿಗೆ 43 ವರ್ಷ. ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು ಅಂದಿದ್ದ. ಕೈಗೆ ಸಿಕ್ಕಿದ್ದು ಹೊಲ ಬಿಟ್ಟು ಬಂದ ರೈತರು, ಮೀನುಗಾರರು, ಅಂಗಡಿಯವರು. ಹೆಚ್ಚಿನವರ ಕರಾರು ವರ್ಷದ ಕೊನೆಯವರೆಗೆ ಮಾತ್ರ. ಒಂದು ತಿಂಗಳು ಕಳೆಯುವಷ್ಟರಲ್ಲಿ ಒಂದು ಭಯಂಕರ ವಿಷಯ ಗೊತ್ತಾಯಿತು. 308 ಪೀಪಾಯಿ ಮದ್ದು ಇದೆ ಅಂತ ನಂಬಿದ್ದರು. ಎಣಿಸಿ ನೋಡಿದರೆ ಇದ್ದದ್ದು 36. ಒಬ್ಬ ಸೈನಿಕನಿಗೆ ಹೆಚ್ಚೆಂದರೆ ಒಂಬತ್ತು ಗುಂಡು ಹಾರಿಸುವಷ್ಟು. ಇದನ್ನು ಕೇಳಿ ಅವನು ಅರ್ಧ ಗಂಟೆ ಬಾಯೇ ತೆರೆಯಲಿಲ್ಲ ಅಂತ ಅಲ್ಲಿದ್ದ ಜನರಲ್ ಸಲಿವನ್ ಬರೆದಿಟ್ಟಿದ್ದಾನೆ. ಶತ್ರುವಿಗೆ ಇದರ ಸುಳಿವು ಸಿಕ್ಕರೆ ಅಲ್ಲಿಗೆ ಮುಗಿಯಿತು. ತನ್ನ ಸೈನಿಕರಿಗೆ ಗೊತ್ತಾದರೆ ಅವರೂ ಓಡಿಹೋಗುತ್ತಾರೆ. ಅವನು ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹೊರಗೆ ಎಲ್ಲ ಸರಿಯಿದೆ ಅನ್ನುವ ಹಾಗೆ ಮುತ್ತಿಗೆ ಮುಂದುವರಿಸಿದ. ನನ್ನ ಪ್ರಕಾರ ಒತ್ತಡದ ನಾಯಕತ್ವದ ಮೊದಲ ಪರೀಕ್ಷೆ ಇದು. ಗುಂಡು ಹಾರುವ ಗಳಿಗೆಯಲ್ಲಿ ಧೈರ್ಯ ತೋರುವವರು ಬಹಳ ಜನ. ತಿಂಗಳುಗಟ್ಟಲೆ ಇಂಥ ಒಂದು ಗುಟ್ಟು ಇಟ್ಟುಕೊಂಡು ಮುಖ ಕೆಡಿಸಿಕೊಳ್ಳದೆ ಓಡಾಡುವವರು ಕಡಿಮೆ.

ಬಾಸ್ಟನ್ ಹೇಗೆ ಸಿಕ್ಕಿತು ಅನ್ನೋದನ್ನು ಬಳ್ಳಾರಿಯವರಿಗೆ ಹೇಳೋದು ಸುಲಭ. ಬಳ್ಳಾರಿ ಕೋಟೆ ಬಗ್ಗೆ ಒಂದು ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಹೈದರಾಲಿ ಫ್ರೆಂಚ್ ಎಂಜಿನಿಯರನ ಕೈಯಲ್ಲಿ ಕೋಟೆ ಗಟ್ಟಿ ಮಾಡಿಸಿದ. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆಗೆ ಉಳಿವಿಲ್ಲ ಅಂತ ಗೊತ್ತಾಗಿ ಸಿಟ್ಟಿನಿಂದ ಎಂಜಿನಿಯರನನ್ನೇ ನೇಣಿಗೆ ಹಾಕಿಸಿದ ಅಂತ. ಇದು ಜನ ಹೇಳಿಕೊಂಡು ಬಂದ ಕಥೆ. ಆದರೆ ಅದರಲ್ಲಿರುವ ಯುದ್ಧದ ಲೆಕ್ಕ ಪಕ್ಕಾ. ಬಾಸ್ಟನ್ ಪಕ್ಕದ ಡಾರ್ಚೆಸ್ಟರ್ ಗುಡ್ಡಗಳನ್ನು ಬ್ರಿಟಿಷರು ಖಾಲಿ ಬಿಟ್ಟಿದ್ದರು. ಹೆನ್ರಿ ನಾಕ್ಸ್ ಅನ್ನುವ ಪುಸ್ತಕ ವ್ಯಾಪಾರಿ, ವಯಸ್ಸು 25, ಟೈಕಾಂಡರೋಗಾ ಕೋಟೆಯಿಂದ ಸುಮಾರು 60 ಟನ್ ಫಿರಂಗಿಗಳನ್ನು ಚಳಿಗಾಲದ ಹಿಮದ ಮೇಲೆ ಎಳೆಸಿಕೊಂಡು ತಂದ. 1776ರ ಮಾರ್ಚ್ 4ರ ರಾತ್ರಿ ಅವು ಆ ಗುಡ್ಡ ಹತ್ತಿದವು. ಮಾರ್ಚ್ 17ಕ್ಕೆ ಬ್ರಿಟಿಷರು ಊರು ಬಿಟ್ಟು ಹಡಗು ಹತ್ತಿದರು. ಮರುವರ್ಷ ಇದೇ ತಪ್ಪನ್ನು ಅಮೆರಿಕನ್ನರು ಮಾಡಿದರು. ಟೈಕಾಂಡರೋಗಾ ಕೋಟೆಯ ಎದುರಿಗಿದ್ದ ಗುಡ್ಡಕ್ಕೆ ಕಾವಲು ಹಾಕಲಿಲ್ಲ. ಬ್ರಿಟಿಷರು ಅದರ ಮೇಲೆ ತೋಪು ಏರಿಸಿದರು. ಕೋಟೆಯಲ್ಲಿದ್ದ ಸೇಂಟ್ ಕ್ಲೇರ್ 1777ರ ಜುಲೈ 5ರ ರಾತ್ರೋರಾತ್ರಿ ಸೇನೆ ಹೊರಡಿಸಿಕೊಂಡು ಹೋದ. ಜನ ಅವನನ್ನು ಬಾಯಿಗೆ ಬಂದಂತೆ ಬೈದರು, ವಿಚಾರಣೆಯೂ ಆಯಿತು, ಕೊನೆಗೆ ತಪ್ಪಿಲ್ಲ ಅಂತ ಬಿಟ್ಟರು. ಅವನು ಉಳಿಸಿದ ಸೈನಿಕರು ಮುಂದೆ ಕೆಲಸಕ್ಕೆ ಬಂದರು.

ಈಗ 1776ರ ಆಗಸ್ಟ್. ನನ್ನನ್ನು ಕೇಳಿದರೆ ವಾಷಿಂಗ್ಟನ್ ಜೀವನದ ಅತಿ ದೊಡ್ಡ ರಾತ್ರಿ ಈ ತಿಂಗಳ 29ನೇದು. ಅವತ್ತು ಅವನು ಯಾವ ಕದನವನ್ನೂ ಗೆಲ್ಲಲಿಲ್ಲ.

ಎರಡು ದಿನ ಮುಂಚೆ, ಆಗಸ್ಟ್ 27ರಂದು, ಲಾಂಗ್ ಐಲೆಂಡಿನಲ್ಲಿ ಅವನ ಸೇನೆಗೆ ದೊಡ್ಡ ಪೆಟ್ಟು ಬಿದ್ದಿತ್ತು. ಉಳಿದವರು ಬ್ರೂಕ್ಲಿನ್‌ನಲ್ಲಿ ನದಿಗೆ ಬೆನ್ನು ಹಾಕಿ ನಿಂತಿದ್ದರು. ಎದುರಿಗೆ ಬ್ರಿಟಿಷ್ ಸೇನಾಪತಿ ಹೌ, ಕಂದಕ ತೋಡುತ್ತಾ ಹತ್ತಿರ ಬರುತ್ತಿದ್ದ. ಹಿಂದೆ ಸುಮಾರು ಒಂದು ಮೈಲಿ ಅಗಲದ ಈಸ್ಟ್ ನದಿ. ಗಾಳಿ ಎದುರಾಗಿದ್ದರಿಂದ ಬ್ರಿಟಿಷ್ ಹಡಗುಗಳು ಆ ನದಿಯೊಳಗೆ ಬರೋಕೆ ಆಗಿರಲಿಲ್ಲ. ಗಾಳಿ ತಿರುಗಿದರೆ ಸುಮಾರು 9,000 ಜನ ಬಲೆಗೆ ಬಿದ್ದಂತೆ. ವಾಷಿಂಗ್ಟನ್ ದಂಡಾಧಿಕಾರಿಗಳನ್ನು ಕರೆದು ಕೇಳಿದ. ಎಲ್ಲರೂ ಹಿಂದೆ ಹೋಗೋಣ ಅಂದರು. ಹೊಸ ಪಡೆ ಬರ್ತಿದೆ, ದೋಣಿ ಬೇಕು ಅಂತ ಹೇಳಿ ಸಿಕ್ಕ ಸಿಕ್ಕ ದೋಣಿ ಒಟ್ಟು ಮಾಡಿಸಿದ. ಮಾರ್ಬಲ್‌ಹೆಡ್ ಊರಿನ ಮೀನುಗಾರರ ರೆಜಿಮೆಂಟ್ ಆ ದೋಣಿಗಳಿಗೆ ಹುಟ್ಟು ಹಾಕಿತು. ಅವರ ಮುಖ್ಯಸ್ಥ ಜಾನ್ ಗ್ಲೋವರ್. ಮಾತಾಡಬಾರದು, ಕೆಮ್ಮಬಾರದು. ತೋಪಿನ ಗಾಡಿಯ ಚಕ್ರಗಳಿಗೆ ಬಟ್ಟೆ ಸುತ್ತಿದರು. ಶಿಬಿರದ ಬೆಂಕಿ ಆರದ ಹಾಗೆ ನೋಡಿಕೊಳ್ಳೋಕೆ ಜನ ಬಿಟ್ಟರು.

ನಡುರಾತ್ರಿ ದಾಟಿದ ಮೇಲೆ ಎಡವಟ್ಟಾಯಿತು. ಕೊನೆಯವರೆಗೂ ಮುಂದಿನ ಸಾಲಿನಲ್ಲಿ ಕಾವಲು ನಿಲ್ಲಬೇಕಾಗಿದ್ದ ಮಿಫ್ಲಿನ್‌ನ ಪಡೆಗೆ ‘ನೀವೂ ಬನ್ನಿ’ ಅಂತ ತಪ್ಪು ಆಜ್ಞೆ ಹೋಯಿತು. ಅವರು ಜಾಗ ಬಿಟ್ಟು ನದಿಯ ಕಡೆ ಹೊರಟರು. ಮುಂಚೂಣಿ ಪೂರಾ ಖಾಲಿ. ದಾರಿಯಲ್ಲಿ ವಾಷಿಂಗ್ಟನ್ ಅವರನ್ನು ನೋಡಿದ. ನಮ್ಮನ್ನೆಲ್ಲ ಹಾಳು ಮಾಡಿದಿರಿ ಅಂದ. ಆದರೆ ಅಲ್ಲಿ ನಿಂತು ಯಾರ ತಪ್ಪು ಅಂತ ಜಗಳ ಆಡುತ್ತಾ ಕೂರಲಿಲ್ಲ. ವಾಪಸ್ ಹೋಗಿ ಅಂದ. ಅವರು ಆ ಕತ್ತಲಲ್ಲಿ ಶತ್ರುವಿನ ಬಾಯಿಗೇ ಮರಳಿ ಹೋಗಿ ನಿಂತರು. ಯೋಚಿಸಿ ನೋಡಿ. ಪ್ರಾಣ ಉಳಿಯಿತು ಅಂತ ನದಿಯ ದಂಡೆಗೆ ಬಂದವರು ಒಂದು ಮಾತಿಗೆ ಹಿಂತಿರುಗಿದರು. ಒಬ್ಬ ನಾಯಕನ ಮೇಲೆ ಜನಕ್ಕೆ ಎಷ್ಟು ನಂಬಿಕೆ ಇದೆ ಅಂತ ಅಳೆಯೋಕೆ ಇದಕ್ಕಿಂತ ಬೇರೆ ಅಳತೆ ಬೇಕಾ?

ಬೆಳಗಾದಾಗಲೂ ಎಲ್ಲರೂ ದಾಟಿರಲಿಲ್ಲ. ಅದೃಷ್ಟಕ್ಕೆ ದಟ್ಟ ಮಂಜು ಕವಿಯಿತು. ಕೊನೆಯ ದೋಣಿಗಳಲ್ಲಿ ಒಂದನ್ನು ವಾಷಿಂಗ್ಟನ್ ಹತ್ತಿದ. ನಮ್ಮ ಆನೆಗುಂದಿ ದಡದಲ್ಲಿ ತುಂಬಿದ ಹೊಳೆಗೆ ಹರಿಗೋಲು ಹಾಕುವಾಗ ಅಂಬಿಗ ಎಲ್ಲರನ್ನೂ ಕೂರಿಸಿ ಕೊನೆಗೆ ತಾನು ಹತ್ತುತ್ತಾನಲ್ಲ, ಹಾಗೆ. ಮಂಜಿಗೆ, ಗಾಳಿಗೆ ಅವನು ಕಾರಣನಲ್ಲ. ಆದರೆ ದೋಣಿ ಮುಂಚೆಯೇ ಸಿದ್ಧ ಇರದಿದ್ದರೆ ಮಂಜು ಬಂದು ಏನು ಪ್ರಯೋಜನ?

ಇದಾದ ಮೇಲೆ, ಸೆಪ್ಟೆಂಬರ್ 8ರಂದು ಅವನು ಕಾಂಗ್ರೆಸ್ಸಿಗೆ, ಅಂದರೆ ಬಂಡೆದ್ದ ರಾಜ್ಯಗಳ ಪ್ರತಿನಿಧಿ ಸಭೆಗೆ, ಪತ್ರ ಬರೆದ. ಇನ್ನು ದೊಡ್ಡ ಕದನವನ್ನು ತಪ್ಪಿಸಬೇಕು, ಯುದ್ಧವನ್ನು ಎಳೆಯಬೇಕು, ಅನಿವಾರ್ಯ ಆಗದ ಹೊರತು ಎಲ್ಲವನ್ನೂ ಪಣಕ್ಕೆ ಇಡಬಾರದು ಅನ್ನುವುದು ಅದರ ತಿರುಳು. ಪಾಠ ಸರಿಯಾಗಿಯೇ ಕಲಿತಿದ್ದ. ಆದರೂ ಎರಡು ತಿಂಗಳಲ್ಲಿ ಫೋರ್ಟ್ ವಾಷಿಂಗ್ಟನ್ ಅನಾಹುತ ಆಯಿತು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮ್ಯಾನ್‌ಹಟನ್ ದ್ವೀಪದ ಉತ್ತರಕ್ಕೆ, ಹಡ್ಸನ್ ನದಿಯ ಪಕ್ಕದ ಬಂಡೆಗುಡ್ಡದ ಮೇಲೆ ಆ ಕೋಟೆ ಇತ್ತು. ಎತ್ತರದ ಜಾಗ, ನೋಡೋಕೆ ಗಟ್ಟಿ. ಒಳಗೆ ಬಾವಿ ಇಲ್ಲ. ಅಷ್ಟೊಂದು ಜನಕ್ಕೆ ಜಾಗವೂ ಇಲ್ಲ. ಹಡ್ಸನ್ ನದಿಯಲ್ಲಿ ಬ್ರಿಟಿಷ್ ಹಡಗು ಹೋಗದಂತೆ ತಡೆಯಬೇಕು ಅಂತ ಅದನ್ನು ಕಟ್ಟಿದ್ದರು. ನವೆಂಬರ್ ಹೊತ್ತಿಗೆ ಹಡಗುಗಳು ಕೋಟೆಯ ಮುಂದೆಯೇ ದಾಟಿ ಹೋಗಿದ್ದವು. ಅಂದರೆ ಕೋಟೆಯ ಕೆಲಸವೇ ಮುಗಿದಿತ್ತು. ಆದರೂ ಬಿಡೋಕೆ ಮನಸ್ಸು ಬರಲಿಲ್ಲ. ಕಾಂಗ್ರೆಸ್ಸಿಗೆ ಆ ನದಿ ಬೇಕಿತ್ತು. ವಾಷಿಂಗ್ಟನ್ ಅತಿ ಹೆಚ್ಚು ನಂಬಿದ್ದ ನಥಾನಿಯಲ್ ಗ್ರೀನ್ ‘ಕೋಟೆ ಉಳಿಸಿಕೊಳ್ಳಬಹುದು, ಬೇಕಾದಾಗ ಜನರನ್ನು ಹೊರಗೆ ತರಬಹುದು’ ಅಂದ. ಸೋತು ಸೋತು ಹಿಂದೆ ಸರಿದ ಸೇನೆ ಇನ್ನೂ ಒಂದು ಜಾಗ ಬಿಟ್ಟಿತು ಅಂದರೆ ಜನ ಏನಂತಾರೆ ಅನ್ನುವ ಸಂಕಟ ಬೇರೆ. ತೀರ್ಮಾನವನ್ನು ಗ್ರೀನ್‌ಗೆ ಬಿಟ್ಟ. ನವೆಂಬರ್ 13ಕ್ಕೆ ತಾನೇ ಬಂದ ಮೇಲೂ ಆ ಕಡೆ ಈ ಕಡೆ ತೂಗಾಡಿದ. 16ರಂದು ಬ್ರಿಟಿಷರು, ಅವರ ಬಾಡಿಗೆ ಜರ್ಮನ್ ಸೈನಿಕರು ಮೂರು ಕಡೆಯಿಂದ ಏರಿ ಬಂದರು. ಹೊರಗಿನ ಸಾಲುಗಳು ಮುರಿದು ಎಲ್ಲರೂ ಕೋಟೆಯೊಳಗೆ ಒತ್ತರಿಸಿಕೊಂಡರು. ಸಂಜೆಯೊಳಗೆ ಶರಣಾಗತಿ. ನದಿಯ ಆಚೆ ದಡದ ಫೋರ್ಟ್ ಲೀಯಿಂದ ವಾಷಿಂಗ್ಟನ್ ಎಲ್ಲವನ್ನೂ ಕಣ್ಣಾರೆ ನೋಡಿದ. ಸೆರೆ ಸಿಕ್ಕವರಲ್ಲಿ ಎಷ್ಟೋ ಜನ ನ್ಯೂಯಾರ್ಕಿನ ಬಂದೀಖಾನೆಗಳಲ್ಲಿ ಹಸಿವು, ಕಾಯಿಲೆಯಿಂದ ಸತ್ತರು.

ಒತ್ತಡ ಅಂದರೆ ಇದು. ಏನು ಮಾಡಬೇಕು ಅಂತ ಗೊತ್ತಿಲ್ಲದೆ ಹೋದದ್ದಲ್ಲ. ಎರಡು ತಿಂಗಳ ಹಿಂದೆ ತಾನೇ ಬರೆದದ್ದನ್ನು ತಾನೇ ಮಾಡೋಕೆ ಆಗಲಿಲ್ಲ. ಕೋಟೆ ಬಿಡೋದು ಅಂದರೆ ಎಲ್ಲರ ಕಣ್ಣಿಗೆ ಕಾಣುವ ಸೋಲು. ಸೇನೆ ಉಳಿಸೋದು ಯಾರ ಕಣ್ಣಿಗೂ ಕಾಣದ ಗೆಲುವು. ಆ ಹೊತ್ತಿನಲ್ಲಿ ಕಾಣುವ ಸೋಲೇ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಅವನು ಮಾಡಿದ ಕೆಲಸದಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಗ್ರೀನ್‌ನನ್ನು ಇಟ್ಟುಕೊಂಡದ್ದು. ತಲೆದಂಡ ಬೇಕು ಅನ್ನುವವರು ಇದ್ದರು. ಅವನನ್ನು ಬಲಿ ಕೊಟ್ಟಿದ್ದರೆ ತನ್ನ ಮೇಲಿನ ದೂರು ಅರ್ಧ ಇಳಿಯುತ್ತಿತ್ತು. ವಾಷಿಂಗ್ಟನ್ ಹಾಗೆ ಮಾಡಲಿಲ್ಲ. ಅದೇ ಗ್ರೀನ್ ಐದು ವರ್ಷದ ನಂತರ ದಕ್ಷಿಣದ ರಾಜ್ಯಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನನ್ನು ಸುಸ್ತು ಮಾಡಿದ. 1781ರ ಮಾರ್ಚ್ 15ರಂದು ಗಿಲ್‌ಫರ್ಡ್ ಕೋರ್ಟ್‌ಹೌಸ್‌ನಲ್ಲಿ ಗ್ರೀನ್ ಸೋತು ಹಿಂದೆ ಸರಿದ. ಗೆದ್ದ ಕಾರ್ನ್‌ವಾಲಿಸ್ ತನ್ನ ಸೇನೆಯ ಕಾಲು ಭಾಗ ಕಳೆದುಕೊಂಡಿದ್ದ. ‘ಹೋರಾಡುತ್ತೇವೆ, ಪೆಟ್ಟು ತಿನ್ನುತ್ತೇವೆ, ಏಳುತ್ತೇವೆ, ಮತ್ತೆ ಹೋರಾಡುತ್ತೇವೆ’ ಅಂತ ಗ್ರೀನ್ ಬರೆದದ್ದು ಆ ದಿನಗಳಲ್ಲೇ. ಕಾರ್ನ್‌ವಾಲಿಸ್ ಅಲ್ಲಿಂದ ಉತ್ತರಕ್ಕೆ ಹೋಗಿ ಯಾರ್ಕ್‌ಟೌನ್‌ನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತ. ಫ್ರೆಂಚ್ ನೌಕಾಪಡೆ ಹಿಂದಿನ ಬಾಗಿಲು ಮುಚ್ಚಿತು. ಅಕ್ಟೋಬರ್ 19ರಂದು ಅವನ ಸೇನೆ ಶರಣಾಯಿತು. ಈ ಸಲ ಗೋಡೆಯೊಳಗೆ ಸಿಕ್ಕಿಬಿದ್ದವರು ಬ್ರಿಟಿಷರು. ಇದೇ ಕಾರ್ನ್‌ವಾಲಿಸ್ ಹತ್ತು ವರ್ಷದಲ್ಲಿ ಟಿಪ್ಪು ಮೇಲೆ ಯುದ್ಧಕ್ಕೆ ಬೆಂಗಳೂರಿಗೆ ಬಂದ. ಅದೇ ಯುದ್ಧದಲ್ಲಿ ನಿಮ್ಮ ಕೊಪ್ಪಳ ಕೋಟೆಗೂ ಮುತ್ತಿಗೆ ಬಿತ್ತು. ಆ ವಿಷಯಕ್ಕೆ ಬರುತ್ತೇನೆ.

1776ರ ಡಿಸೆಂಬರ್ ಕತ್ತಲೆಯ ತಿಂಗಳು. ಸೇನೆ ಕರಗಿ ಕೆಲವು ಸಾವಿರಕ್ಕೆ ಇಳಿದಿತ್ತು. ಬಹಳ ಜನರ ಕರಾರು ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಕ್ರಿಸ್‌ಮಸ್ ರಾತ್ರಿ ಹಿಮದ ಬಿರುಗಾಳಿಯಲ್ಲಿ ಡೆಲವೇರ್ ನದಿ ದಾಟಿದ್ದು ನಿಮಗೆ ಗೊತ್ತೇ ಇದೆ, ಅದರ ಚಿತ್ರ ಎಲ್ಲರೂ ನೋಡಿದ್ದಾರೆ. ನಾನು ಎರಡು ಮಾತು ಮಾತ್ರ ಸೇರಿಸುತ್ತೇನೆ. ಮೂರು ಕಡೆ ನದಿ ದಾಟುವ ಯೋಜನೆ ಇತ್ತು. ಉಳಿದ ಎರಡು ಪಡೆಗಳು ಬರಲೇ ಇಲ್ಲ, ಇವನದೂ ಮೂರು ತಾಸು ತಡವಾಯಿತು. ಕತ್ತಲಲ್ಲಿ ಮುಟ್ಟಬೇಕಾದ ಟ್ರೆಂಟನ್ ಊರನ್ನು ಹಗಲು ಎಂಟಕ್ಕೆ ಮುಟ್ಟಿದರು. ಆದರೂ ಹಿಂದೆ ಹೋಗಲಿಲ್ಲ, ಹಿಂದೆ ಹೋಗುವುದು ಇನ್ನೂ ಅಪಾಯ ಅಂತ ಅವನ ಲೆಕ್ಕ. ಇನ್ನೊಂದು, ಸುಮಾರು 2,400 ಜನಕ್ಕೆ 18 ತೋಪು ಒಯ್ದಿದ್ದ. ಮಳೆ ಹಿಮಕ್ಕೆ ಬಂದೂಕು ಒದ್ದೆಯಾದರೆ ಕೆಲಸ ಮಾಡಲ್ಲ, ತೋಪಿನ ಬತ್ತಿಯ ತೂತನ್ನು ಮುಚ್ಚಿಟ್ಟುಕೊಳ್ಳಬಹುದು. ಸುಮಾರು 900 ಜರ್ಮನ್ ಸೈನಿಕರು ಸೆರೆ ಸಿಕ್ಕರು.

ಆದರೆ ನಾಯಕತ್ವ ಕಲಿಯಬೇಕಾದರೆ ಅದಾದ ನಾಲ್ಕೈದು ದಿನದ ಮೇಲಿನ ಒಂದು ಗಳಿಗೆ ನೋಡಿ. ಗೆದ್ದರೂ ಸೈನಿಕರ ಕರಾರು ಮುಗಿಯುತ್ತಿದೆ. ಇನ್ನೂ ಆರು ವಾರ ಇದ್ದರೆ ಹತ್ತು ಡಾಲರ್ ಕೊಡುತ್ತೇನೆ ಅಂದ. ಆ ಹಣಕ್ಕೆ ರಾಬರ್ಟ್ ಮಾರಿಸ್ ಅನ್ನುವ ವ್ಯಾಪಾರಿಯ ಕಡೆ ಕೈ ಚಾಚಬೇಕಾಗಿತ್ತು. ಒಂದು ರೆಜಿಮೆಂಟನ್ನು ಸಾಲಾಗಿ ನಿಲ್ಲಿಸಿ, ಇರುವವರು ಮುಂದೆ ಬನ್ನಿ ಅಂತ ನಗಾರಿ ಬಾರಿಸಿದರು. ಒಬ್ಬನೂ ಅಲುಗಲಿಲ್ಲ. ವಾಷಿಂಗ್ಟನ್ ಕುದುರೆ ತಿರುಗಿಸಿ ಸ್ವಲ್ಪ ದೂರ ಹೋಗಿ ಮತ್ತೆ ಬಂದ. ನಾನು ಕೇಳಿದ್ದನ್ನೆಲ್ಲ ಮಾಡಿದ್ದೀರಿ, ನ್ಯಾಯವಾಗಿ ಕೇಳಬಹುದಾದದ್ದಕ್ಕಿಂತ ಜಾಸ್ತಿಯೇ ಮಾಡಿದ್ದೀರಿ ಅಂದ. ದಣಿದಿದ್ದೀರಿ, ನಿಮ್ಮನ್ನು ಬಿಟ್ಟುಕೊಡೋಕೆ ಹೇಗೆ ಅಂತ ನಮಗೂ ತಿಳಿಯುತ್ತಿಲ್ಲ ಅಂದ. ಮತ್ತೆ ನಗಾರಿ. ಸೈನಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ನೀನಿದ್ದರೆ ನಾನೂ ಇರ್ತೀನಿ’ ಅಂತ ಒಬ್ಬ ಇನ್ನೊಬ್ಬನಿಗೆ ಅಂದ. ಒಬ್ಬೊಬ್ಬರೇ ಹೆಜ್ಜೆ ಮುಂದಿಟ್ಟರು. ಹೆಸರು ಬರೆದುಕೊಳ್ಳಲಾ ಅಂತ ಅಧಿಕಾರಿಯೊಬ್ಬ ಕೇಳಿದಾಗ, ಇಂಥ ಹೊತ್ತಲ್ಲಿ ಮುಂದೆ ಬಂದವರನ್ನು ಕಟ್ಟಿಹಾಕೋಕೆ ಕಾಗದ ಬೇಡ ಅಂದ ವಾಷಿಂಗ್ಟನ್. ಸಾಲಿನಲ್ಲಿ ನಿಂತಿದ್ದ ಸಾರ್ಜೆಂಟ್ ಒಬ್ಬ ಇದನ್ನೆಲ್ಲ ಮುಂದೆ ಬರೆದಿಟ್ಟ. ಹಾಗೆ ಉಳಿದವರಲ್ಲಿ ಅರ್ಧದಷ್ಟು ಜನ ಪ್ರಿನ್ಸ್‌ಟನ್ ಕದನದಲ್ಲೋ ಸಿಡುಬಿಗೋ ಸ್ವಲ್ಪ ದಿನದಲ್ಲೇ ಸತ್ತರು ಅಂತಲೂ ಬರೆದ. ಆ ಸಾಲನ್ನು ಬಿಟ್ಟು ಈ ಕಥೆ ಹೇಳಬಾರದು.

ಸಿಡುಬಿನ ಮಾತು ಬಂತಲ್ಲ. ಆ ಸೇನೆಗೆ ಬ್ರಿಟಿಷರಿಗಿಂತ ದೊಡ್ಡ ಶತ್ರು ಅದು. ಕೆನಡಾ ಕಡೆ ಹೋದ ಅಮೆರಿಕನ್ ಪಡೆಯನ್ನು ಸಿಡುಬೇ ಹಾಳು ಮಾಡಿತ್ತು. ವಾಷಿಂಗ್ಟನ್‌ಗೆ 19ನೇ ವಯಸ್ಸಿನಲ್ಲಿ ಬಾರ್ಬಡೋಸಿನಲ್ಲಿ ಸಿಡುಬು ಬಂದು ಹೋಗಿತ್ತು, ಅದರ ರುಚಿ ಗೊತ್ತಿತ್ತು. 1777ರ ಫೆಬ್ರುವರಿಯಲ್ಲಿ ಸೈನಿಕರಿಗೆಲ್ಲ ಸಿಡುಬು ಹಾಕಿಸುವ ಆಜ್ಞೆ ಕೊಟ್ಟ. ಜೆನ್ನರನ ಲಸಿಕೆ ಇನ್ನೂ ಬಂದಿರದ ಕಾಲ. ರೋಗಿಯ ಕೀವನ್ನೇ ಸ್ವಲ್ಪ ಚರ್ಮ ಗೀರಿ ಹಚ್ಚಬೇಕು. ಹಚ್ಚಿಸಿಕೊಂಡವರು ವಾರಗಟ್ಟಲೆ ಮಲಗಬೇಕು, ಕೆಲವರು ಸಾಯುತ್ತಾರೆ, ಅಷ್ಟರಲ್ಲಿ ಶತ್ರುವಿಗೆ ಗೊತ್ತಾದರೆ ದಾಳಿ ಖಂಡಿತ. ಗುಟ್ಟಾಗಿ, ಸರದಿಯ ಪ್ರಕಾರ ಮಾಡಿಸಿದ. ಯುದ್ಧದ ಪಟ್ಟಿಯಲ್ಲಿ ಇದು ಕದನ ಅಂತ ಬರಲ್ಲ. ನಾನು ಇದನ್ನು ಟ್ರೆಂಟನ್‌ಗಿಂತ ಮೇಲೆ ಇಡುತ್ತೇನೆ.

ವ್ಯಾಲಿ ಫೋರ್ಜ್ ಬಗ್ಗೆ ಎಲ್ಲ ಪುಸ್ತಕದಲ್ಲೂ ಇರುತ್ತದೆ, ಅದಕ್ಕೆ ಬೇಗ ಮುಗಿಸುತ್ತೇನೆ. 1777ರ ಡಿಸೆಂಬರ್‌ನಿಂದ ಮರುವರ್ಷ ಜೂನ್‌ವರೆಗಿನ ಬಿಡಾರ. ಸುಮಾರು 2,000 ಜನ ರೋಗದಿಂದ ಸತ್ತರು. ಡಿಸೆಂಬರ್ 23ರ ಪತ್ರದಲ್ಲಿ ಅವನು ಕಾಂಗ್ರೆಸ್ಸಿಗೆ ಮುಖಕ್ಕೆ ಹೊಡೆದ ಹಾಗೆ ಬರೆದ: 2,898 ಜನ ಕಾಲಿಗೆ ಜೋಡಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದಂತಾಗಿದ್ದಾರೆ, ಹೀಗೇ ಆದರೆ ಸೇನೆ ಹಸಿಯಬೇಕು, ಇಲ್ಲ ಕರಗಬೇಕು, ಇಲ್ಲ ಚದುರಬೇಕು. ಗಮನಿಸಿ, ಸುಮ್ನೆ ‘ಬಹಳ ಜನ’ ಅನ್ನಲಿಲ್ಲ, ಎಣಿಸಿ ಹೇಳಿದ. ಬೆಚ್ಚಗಿನ ಕೋಣೆಯಲ್ಲಿ ಒಲೆ ಪಕ್ಕ ಕೂತು ದೂರುವುದು ಸುಲಭ ಅಂತಲೂ ಬರೆದ. ಆದರೆ ಕಾಂಗ್ರೆಸ್ಸನ್ನು ಬದಿಗೆ ತಳ್ಳಿ ಬಂದೂಕಿನ ಬಲದಿಂದ ದೇಶ ನಡೆಸುತ್ತೇನೆ ಅಂತ ಹೊರಡಲಿಲ್ಲ. ಅವರ ಸಮಿತಿಯನ್ನು ಬಿಡಾರಕ್ಕೇ ಕರೆಸಿ ತೋರಿಸಿದ. ಗ್ರೀನ್‌ನನ್ನು ಸರಬರಾಜಿಗೆ ಹಾಕಿದ. ಸ್ಟೂಬೆನ್ ಅನ್ನುವ ಜರ್ಮನ್ ಅಧಿಕಾರಿಗೆ ಕವಾಯತು ಒಪ್ಪಿಸಿದ. ವಾಷಿಂಗ್ಟನ್ ಕೈಯೂ ಮೆತ್ತಗಿರಲಿಲ್ಲ. 1781ರ ಜನವರಿಯಲ್ಲಿ ಸಂಬಳವಿಲ್ಲದೆ ದಂಗೆ ಎದ್ದ ನ್ಯೂಜೆರ್ಸಿ ಸೈನಿಕರ ಇಬ್ಬರು ಮುಖಂಡರಿಗೆ ಗುಂಡು ಹೊಡೆಸಿದ. ಸ್ವಾತಂತ್ರ್ಯದ ಹೆಸರಲ್ಲಿ ಹೋರಾಡಿದ ಇವನ ಸ್ವಂತ ಜಮೀನಿನಲ್ಲಿ ಗುಲಾಮರು ದುಡಿಯುತ್ತಿದ್ದರು. ಇವೆಲ್ಲ ಸೇರಿಯೇ ವಾಷಿಂಗ್ಟನ್.

ಈಗ ಕೊಪ್ಪಳ. ಭೀಮರಾಯ ಮೊದಲು ಕಂಪನಿ ಸರ್ಕಾರದಲ್ಲೇ ಅಧಿಕಾರಿಯಾಗಿದ್ದವನು. ಆಡಳಿತ ಹೇಗೆ ನಡೆಯುತ್ತದೆ ಅಂತ ಒಳಗಿನಿಂದ ಬಲ್ಲವನು. ಹಮ್ಮಿಗೆಯ ಕೆಂಚನಗೌಡ, ಸುತ್ತಲಿನ ದೇಸಾಯಿಗಳು, ನರಗುಂದದ ಬಾಬಾಸಾಹೇಬ ಇವರ ನಡುವೆ ಮಾತುಕತೆ ಇತ್ತು. ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಎಲ್ಲರನ್ನೂ ಕೆರಳಿಸಿತ್ತು. 1857ರ ನವೆಂಬರ್‌ನಲ್ಲಿ ಹಲಗಲಿಯ ಬೇಡರು ಇದಕ್ಕೇ ತಿರುಗಿ ಬಿದ್ದಿದ್ದರು. ಕೂಡಿ ಏಳುವ ಮೊದಲೇ ಹಮ್ಮಿಗೆಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದವು. ಇನ್ನು ಕಾಯುವ ಹಾಗಿರಲಿಲ್ಲ. 1858ರ ಮೇ ಕೊನೆಯಲ್ಲಿ ಅವಸರದಲ್ಲಿ ಏಳಬೇಕಾಯಿತು. ಡಂಬಳದಲ್ಲಿ ಖಜಾನೆ ಲೂಟಿಯಾಯಿತು, ಆಮೇಲೆ ಕೊಪ್ಪಳ ಕೋಟೆ ಕೈವಶವಾಯಿತು. ಮೇ 29ರಂದು ನರಗುಂದದವರು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಜೂನ್ 1ರಂದು ಮೇಜರ್ ಹ್ಯೂಸ್‌ನ ಪಡೆ ಕೊಪ್ಪಳ ಕೋಟೆಗೆ ನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಹೋರಾಡುತ್ತಾ ಸತ್ತರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ನೇಣಾಯಿತು.

ಕೋಟೆಗೆ ಹೋದದ್ದು ತಪ್ಪಾ? ಯುದ್ಧದ ಲೆಕ್ಕದಲ್ಲಿ ತಪ್ಪೇ ಅಂತ ನಾನು ಹೇಳುತ್ತೇನೆ. ಆದರೆ ಯಾಕೆ ಹೋದ ಅಂತ ನೋಡಿ. ಟಿಪ್ಪು 1786ರಲ್ಲಿ ಫ್ರೆಂಚ್ ಎಂಜಿನಿಯರರಿಂದ ಗಟ್ಟಿ ಮಾಡಿಸಿದ ಕೋಟೆ ಅದು. ಬಯಲಿನಿಂದ ಸುಮಾರು 400 ಅಡಿ ಮೇಲಕ್ಕಿದೆ. 1790ರಲ್ಲಿ ನಿಜಾಮ ಮತ್ತು ಕಂಪನಿಯ ಸೇನೆಗಳು ಸೇರಿ ಮುತ್ತಿಗೆ ಹಾಕಿದಾಗ ಸುಮಾರು ಆರು ತಿಂಗಳು ತಾಳಿತ್ತು. ಹಿಂದೂಸ್ತಾನದಲ್ಲಿ ತಾನು ಕಂಡ ಅತಿ ಭದ್ರವಾದ ಜಾಗ ಇದು ಅಂತ ಆ ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಂ ಬರೆದಿದ್ದಾನೆ. ಆ ಹೆಸರು ಭೀಮರಾಯನ ಕಾಲಕ್ಕೂ ಉಳಿದೇ ಇತ್ತು. ಇನ್ನೊಂದು, ಮುಂಡರಗಿ ಇದ್ದದ್ದು ಧಾರವಾಡ ಜಿಲ್ಲೆ, ಮುಂಬಯಿ ಸರ್ಕಾರ. ಬಳ್ಳಾರಿ ಮದ್ರಾಸ್ ಸರ್ಕಾರ. ಕೊಪ್ಪಳ ನಿಜಾಮನ ಸೀಮೆ, ಸಾಲಾರ್ ಜಂಗನ ಜಹಗೀರು. ಗಡಿ ದಾಟಿದರೆ ಒಂದಷ್ಟು ದಿನ ಸಿಗಬಹುದು ಅನ್ನುವ ಲೆಕ್ಕ ಇದ್ದಿರಬಹುದು ಅಂತ ನನಗನಿಸುತ್ತದೆ. ಆದರೆ ನಿಜಾಮ ಕಂಪನಿಯ ಪಕ್ಷದಲ್ಲಿದ್ದ. ಬಳ್ಳಾರಿಯ ದಂಡು ನೂರು ಕಿಲೋಮೀಟರ್ ಒಳಗೇ ಇತ್ತು. 1790ರಲ್ಲಿ ಕೋಟೆ ತಾಳಿದ್ದು ಒಳಗೆ ಟಿಪ್ಪುವಿನ ಪಳಗಿದ ಸೈನಿಕರಿದ್ದರು, ತೋಪು ದವಸ ಇತ್ತು, ಹೊರಗೆ ಒಂದು ರಾಜ್ಯ ಬೆನ್ನಿಗಿತ್ತು ಅಂತ. ಭೀಮರಾಯನಿಗೆ ಸಿಕ್ಕಿದ್ದು ಬರೀ ಗೋಡೆ.

ವಾಷಿಂಗ್ಟನ್‌ಗೆ ಬೆನ್ನಿಗೆ 13 ರಾಜ್ಯಗಳಿದ್ದವು. ಒಂದು ನದಿ ದಾಟಿದರೆ ಇನ್ನೊಂದು ಸೀಮೆ, ಅದರಾಚೆ ಮತ್ತೊಂದು. ಬ್ರಿಟಿಷರಿಗೆ ಲಂಡನ್ನಿನಿಂದ ಒಂದು ಪತ್ರ ಬರೋಕೇ ತಿಂಗಳುಗಳು ಬೇಕು. 1778ರಿಂದ ಫ್ರಾನ್ಸ್ ಜತೆಗೆ ಬಂತು. ಭೀಮರಾಯ ಏಳುವ ಹೊತ್ತಿಗೆ ದೆಹಲಿ ಬಿದ್ದು ಎಂಟು ತಿಂಗಳಾಗಿತ್ತು. ಪಕ್ಕದ ಸುರಪುರದ ವೆಂಕಟಪ್ಪ ನಾಯಕನ ಹೋರಾಟ ಫೆಬ್ರುವರಿಯಲ್ಲೇ ಮುರಿದಿತ್ತು. ಎಲ್ಲರೂ ಒಂದೇ ದಿನ ಎದ್ದಿದ್ದರೆ ಕಂಪನಿಯ ದಂಡು ನಾಲ್ಕು ಕಡೆ ಹಂಚಿಹೋಗುತ್ತಿತ್ತು. ಒಬ್ಬೊಬ್ಬರಾಗಿ ಎದ್ದರು, ಒಬ್ಬೊಬ್ಬರಾಗಿ ಬಿದ್ದರು. ಕೊರತೆ ಇದ್ದದ್ದು ಇಲ್ಲಿ. ಇದಕ್ಕೆ ಒಬ್ಬ ಭೀಮರಾಯನ ನಾಯಕತ್ವವನ್ನು ಹೊಣೆ ಮಾಡುವುದು ನ್ಯಾಯವಲ್ಲ.

ನಿಮ್ಮ ಗೆಳೆಯನಿಗೆ ಒಂದು ಪ್ರಶ್ನೆ ಕೇಳಿ. 1776ರ ನವೆಂಬರ್ 16ರ ಸಂಜೆ ಕೋಟೆಯ ಆಚೆ ದಡದಲ್ಲಿರುವ ಬದಲು ಒಳಗೇ ಇದ್ದು ವಾಷಿಂಗ್ಟನ್ ಸತ್ತಿದ್ದರೆ, ಅವನ ಬಗ್ಗೆ ಇವತ್ತು ಏನು ಹೇಳುತ್ತಿದ್ದೆ? ಅವತ್ತಿನವರೆಗೆ ಅವನ ಖಾತೆಯಲ್ಲಿದ್ದದ್ದು ಬಾಸ್ಟನ್ ಒಂದು ಗೆಲುವು, ಒಂದು ಒಳ್ಳೆಯ ಪಲಾಯನ, ಉಳಿದದ್ದು ಹೆಚ್ಚಾಗಿ ಸೋಲು. ಭೀಮರಾಯನನ್ನು ನಾವು ಅವನ ನವೆಂಬರ್ 16ರಂದೇ ಅಳೆಯುತ್ತಿದ್ದೇವೆ.

ಇನ್ನು ಹಡಗಿನ ವಿಷಯ. ಹೌದು, ನಿಜ. ಹೈದರಾಲಿ ಬ್ರಿಟಿಷರನ್ನು 1780ರಲ್ಲಿ ಪೊಳ್ಳಿಲೂರಿನಲ್ಲಿ ಸೋಲಿಸಿದ ಮೇಲೆ ಅವನ ಹೆಸರು ದೂರ ದೂರ ಹಬ್ಬಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ಒಂದು ಹಡಗಿಗೆ ‘ಹೈದರ್ ಅಲಿ’ ಅಂತಲೇ ಹೆಸರು. ಅದರ ಕ್ಯಾಪ್ಟನ್ ಜೋಶುವಾ ಬಾರ್ನಿ, ವಯಸ್ಸು 22. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಅನ್ನುವ, ತನಗಿಂತ ದೊಡ್ಡ ತೋಪುಗಳಿದ್ದ ಬ್ರಿಟಿಷ್ ಹಡಗು ಎದುರಾಯಿತು. ಬಾರ್ನಿ ಚುಕ್ಕಾಣಿ ಹಿಡಿದವನ ಕಿವಿಯಲ್ಲಿ ಮೊದಲೇ ಹೇಳಿಟ್ಟ: ನಾನು ಜೋರಾಗಿ ಕೂಗಿ ಏನು ಆಜ್ಞೆ ಕೊಡ್ತೀನೋ ಅದಕ್ಕೆ ಉಲ್ಟಾ ತಿರುಗಿಸು. ಹತ್ತಿರ ಬಂದಾಗ ಕೂಗಿದ. ಅದು ಬ್ರಿಟಿಷರಿಗೂ ಕೇಳಿಸಿತು, ಅವರು ಅದನ್ನೇ ನಂಬಿ ತಮ್ಮ ಹಡಗು ತಿರುಗಿಸಿದರು. ಹೈದರ್ ಅಲಿ ಇನ್ನೊಂದು ಕಡೆ ಹೊರಳಿ ಅಡ್ಡ ನಿಂತಿತು. ಶತ್ರುವಿನ ಮೂತಿ ಬಂದು ಇದರ ಹಗ್ಗಗಳಲ್ಲಿ ಸಿಕ್ಕಿಕೊಂಡಿತು. ಅರ್ಧ ಗಂಟೆಯೊಳಗೆ ಬ್ರಿಟಿಷರು ಬಾವುಟ ಇಳಿಸಿದರು.